ತೋಟ ಎಷ್ಟು ದೊಡ್ಡದಿರಬೇಕು ಅಂತ ಕೊಟ್ಟಿಗೆಯನ್ನು ಕೇಳಿ

ಪ್ರಶ್ನೆ: ನಮ್ಮದು ಬೆಂಗಳೂರಿನ ಹತ್ತಿರ, ಹೆಸರಘಟ್ಟ ಹೋಬಳಿಯ ಒಂದು ಹಳ್ಳಿ. ಒಂದು ಎಕರೆ ಕೆಂಪು ಮಣ್ಣಿನ ಜಮೀನಿದೆ. ಹನ್ನೆರಡು ವರ್ಷದಿಂದ ಟೊಮೆಟೊ, ಬೀನ್ಸ್, ಹೂಕೋಸನ್ನು ಸರ್ಕಾರಿ ಗೊಬ್ಬರ, ಔಷಧಿ ಹಾಕಿಯೇ ಬೆಳೆಯುತ್ತಿದ್ದೆವು. ಮಕ್ಕಳಿಗೆ ನಾವೇ ಬೆಳೆದದ್ದನ್ನು ತಿನ್ನಿಸಲು ಹೆದರಿಕೆ ಆಗಿ, ಹೋದ ವರ್ಷ ಎಲ್ಲವನ್ನೂ ಒಂದೇ ಸಲ ನಿಲ್ಲಿಸಿದೆವು. ಫೆಬ್ರವರಿಯಲ್ಲಿ 20 ಗುಂಟೆಗೆ ಟೊಮೆಟೊ ನೆಟ್ಟು ಬರೀ ಜೀವಾಮೃತ ಕೊಟ್ಟೆವು. ಗಿಡ ಹಳದಿಯಾಯಿತು, ಎಲೆ ಮುದುರಿತು, ಬೆಳೆ ಪೂರ್ತಿ ಹೋಯಿತು. ಯಜಮಾನರು ಪೀಣ್ಯದಲ್ಲಿ ಕೆಲಸಕ್ಕೆ ಹೋಗುತ್ತಾರೆ. ಹೊಲದಲ್ಲಿ ನಾನು, ನಮ್ಮತ್ತೆ ಇಬ್ಬರೇ. ಎರಡು ಸೀಮೆ ಹಸು ಇವೆ. ಬೋರ್‌ವೆಲ್ ನೀರು 200 ಲೀಟರ್ ಡ್ರಮ್ಮನ್ನು ಎಂಟು ನಿಮಿಷದಲ್ಲಿ ತುಂಬಿಸುತ್ತದೆ. ಹಗಲು ಕರೆಂಟು ನಂಬಿಕೆಯಿಂದ ಸಿಗುವುದು ನಾಲ್ಕು ಗಂಟೆ. ಮತ್ತೆ ಹಳೇ ದಾರಿಗೆ ಹೋಗಬೇಕಾ? ನಾಟಿ ಹಸು ತರಬೇಕಾ? ಏನು ಬೆಳೆಯಬೇಕು, ಯಲಹಂಕದ ಅಪಾರ್ಟ್‌ಮೆಂಟ್‌ಗಳಿಗೆ ಮಾರಲು ಸರ್ಟಿಫಿಕೇಟ್ ಬೇಕಾ? ನಮ್ಮತ್ತೆ "ಮೊದಲು ಅಕ್ಕಡಿ ಸಾಲು ಹಾಕು" ಅನ್ನುತ್ತಾರೆ, ಅಂದರೆ ರಾಗಿಯ ನಡುವೆ ಬೇರೆ ಬೇರೆ ಬೆಳೆಯ ಸಾಲು.

ಉತ್ತರ: ಹಳೇ ದಾರಿಗೆ ಹೋಗಬೇಡಿ. ಆದರೆ 20 ಗುಂಟೆಗೂ ಹೋಗಬೇಡಿ. ನಿಮ್ಮ ಮನೆಗೆ ಸರಿಹೊಂದುವ ತರಕಾರಿ ತೋಟ 10 ಗುಂಟೆ. ಇದನ್ನು ಅಂದಾಜಿನಲ್ಲಿ ಹೇಳುತ್ತಿಲ್ಲ. ನೀವು ಬರೆದಿರುವ ಎರಡು ಹಸು, ಒಂದು ಡ್ರಮ್ಮು ಇವೇ ಆ ಲೆಕ್ಕ ಹೇಳುತ್ತಿವೆ. ಅದನ್ನು ಬಿಡಿಸಿ ಹೇಳುತ್ತೇನೆ. ಅದಕ್ಕೂ ಮೊದಲು ಹೋದ ವರ್ಷ ಏನಾಯಿತು ಅಂತ ನೋಡೋಣ. ಅದು ಅರ್ಥವಾಗದೆ ಹೊಸದಾಗಿ ಶುರು ಮಾಡಿದರೆ ಈ ವರ್ಷವೂ ಹಾಗೇ ಆಗುತ್ತದೆ.

ನಿಮ್ಮ ಟೊಮೆಟೊಗೆ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಬಂದಿವೆ. ಗಿಡ ಹಳದಿಯಾದದ್ದು ಹೆಚ್ಚಾಗಿ ಹಸಿವಿನಿಂದ. ಎಲೆ ಮುದುರಿದ್ದು ವೈರಸ್‌ನಿಂದ.

ಹಸಿವಿನ ಮಾತು ಮೊದಲು. ಒಂದು ಎಕರೆಯ ಜೀವಾಮೃತಕ್ಕೆ ಏನು ಹಾಕುತ್ತೀರಿ? 200 ಲೀಟರ್ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಇದರಲ್ಲಿರುವ ಸಾರಜನಕವನ್ನು ಕೂಡಿದರೆ ಕಾಲು ಕಿಲೋ ಆಸುಪಾಸು ಬರುತ್ತದೆ. ಒಂದು ಟನ್ ಟೊಮೆಟೊ ಬರಬೇಕಾದರೆ ಬೆಳೆ ಮಣ್ಣಿನಿಂದ ಸುಮಾರು ಎರಡೂವರೆಯಿಂದ ಮೂರು ಕಿಲೋ ಸಾರಜನಕ ಎತ್ತುತ್ತದೆ. 20 ಗುಂಟೆಯಲ್ಲಿ 10 ಟನ್ ಬರಲಿ ಅಂತ ಆಸೆಪಟ್ಟರೆ 25-30 ಕಿಲೋ ಬೇಕು. ಜೀವಾಮೃತ ಹಾಲಿಗೆ ಹಾಕುವ ಹೆಪ್ಪಿನ ಹಾಗೆ. ಹಾಲೇ ಇಲ್ಲದ ಪಾತ್ರೆಗೆ ಎಷ್ಟು ಹೆಪ್ಪು ಹಾಕಿದರೂ ಮೊಸರಾಗುವುದಿಲ್ಲ ಅಲ್ವಾ? ಹನ್ನೆರಡು ವರ್ಷ ಮೂಟೆ ಗೊಬ್ಬರದ ಮೇಲೇ ನಿಂತಿದ್ದ ನಿಮ್ಮ ಮಣ್ಣಿನಲ್ಲಿ ಆ ಹಾಲು ಅಷ್ಟಾಗಿ ಉಳಿದಿರಲಿಲ್ಲ.

ಈ ಜೀವಾಮೃತದ ಪದ್ಧತಿಯನ್ನು ಊರೂರಿಗೆ ಮುಟ್ಟಿಸಿದ ಸುಭಾಷ್ ಪಾಳೇಕರ್ ಅವರು ಹೇಳಿದ್ದು ಕೂಡ ಜೀವಾಮೃತ ಒಂದನ್ನೇ ಅಲ್ಲ. ಅದರ ಜೊತೆ ಬಿತ್ತುವ ಮೊದಲು ಬೀಜಕ್ಕೆ ಹಚ್ಚುವ ಬೀಜಾಮೃತ, ನೆಲದ ಮೇಲೆ ಹೊದಿಕೆ, ಮಣ್ಣಿನಲ್ಲಿ ಗಾಳಿಯೂ ತೇವವೂ ಹದವಾಗಿರುವ ಸ್ಥಿತಿ, ಇವೂ ಇದ್ದವು. ಊರೂರಲ್ಲಿ ಮಿಕ್ಕದ್ದನ್ನು ಬಿಟ್ಟು ಡ್ರಮ್ಮನ್ನು ಮಾತ್ರ ಹಿಡಿದುಕೊಂಡೆವು. ನನಗೆ ಇದರ ಬಗ್ಗೆ ನಿಜವಾಗಿಯೂ ಸಂಕಟವಿದೆ. ನಿಮ್ಮ ಹಾಗೆ ಒಳ್ಳೆಯ ಮನಸ್ಸಿನಿಂದ ಶುರು ಮಾಡಿದ ಎಷ್ಟೋ ಮನೆಗಳು ಮೊದಲ ವರ್ಷವೇ ಕೈ ಸುಟ್ಟುಕೊಂಡು ವಾಪಸ್ ಹೋಗಿವೆ.

ಇನ್ನು ಎಲೆ ಮುದುರು ರೋಗ. ಇದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಬಿಳಿ ನೊಣ. ಬೇಸಿಗೆಯಲ್ಲಿ ಅದರ ಹಾವಳಿ ಜಾಸ್ತಿ. ಫೆಬ್ರವರಿಯಲ್ಲಿ ನೆಟ್ಟ ಟೊಮೆಟೊ ಸರಿಯಾಗಿ ಅದರ ಬಾಯಿಗೇ ಬೀಳುತ್ತದೆ. ವೈರಸ್ ಒಳಗೆ ಹೊಕ್ಕ ಮೇಲೆ ಯಾವ ಕಷಾಯವೂ, ಅಂಗಡಿಯ ಯಾವ ಔಷಧಿಯೂ ಅದನ್ನು ತೆಗೆಯುವುದಿಲ್ಲ. ಹಾಗಾಗಿ ಔಷಧಿ ನಿಲ್ಲಿಸಿದ್ದೇ ತಪ್ಪಾಯಿತು ಅಂತ ಕೊರಗಬೇಡಿ. ಬೇಸಿಗೆಯಲ್ಲಿ, ರೋಗ ತಡೆಯದ ತಳಿಯನ್ನು, 20 ಗುಂಟೆಗೆ ಒಂದೇ ಬೆಳೆಯಾಗಿ ನೆಟ್ಟಿದ್ದು ದೊಡ್ಡ ಏಟು ಕೊಟ್ಟಿತು.

ಈಗ 10 ಗುಂಟೆಯ ಲೆಕ್ಕ. ಒಂದು ಸೀಮೆ ಹಸು ದಿನಕ್ಕೆ ಸುಮಾರು 15ರಿಂದ 20 ಕಿಲೋ ಸಗಣಿ ಹಾಕುತ್ತದೆ. ಎರಡರಿಂದ ವರ್ಷಕ್ಕೆ 13 ಟನ್ ಅಂತ ಇಟ್ಟುಕೊಳ್ಳಿ. ಅದು ಕಳಿತು ಗೊಬ್ಬರವಾಗುವ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ, ಅಂದರೆ ಐದು ಟನ್ ಚಿಲ್ಲರೆ ಉಳಿಯುತ್ತದೆ. ತರಕಾರಿಗೆ ಒಂದು ಎಕರೆಗೆ ಒಂದು ಬೆಳೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಬೇಕು. 10 ಗುಂಟೆಗೆ ಎರಡೂವರೆ ಟನ್. ವರ್ಷಕ್ಕೆ ಎರಡು ಬೆಳೆ ಅಂದರೆ ಐದು ಟನ್. ನಿಮ್ಮ ಕೊಟ್ಟಿಗೆ ಕೊಡುವುದು ಅಷ್ಟೇ.

ನೀರಿನ ಲೆಕ್ಕವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಎಂಟು ನಿಮಿಷಕ್ಕೆ 200 ಲೀಟರ್ ಅಂದರೆ ಗಂಟೆಗೆ 1,500 ಲೀಟರ್, ನಾಲ್ಕು ಗಂಟೆಗೆ 6,000. ಬಿಸಿಲು ಕಾಲದಲ್ಲಿ ತರಕಾರಿ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಕುಡಿಯುತ್ತದೆ. ಒಂದು ಗುಂಟೆ ಅಂದರೆ 1,089 ಚದರ ಅಡಿ, ಹೆಚ್ಚುಕಡಿಮೆ 100 ಚದರ ಮೀಟರ್. ಅದಕ್ಕೆ ದಿನಕ್ಕೆ 500 ಲೀಟರ್ ಬೇಕು. 10 ಗುಂಟೆಗೆ 5,000. ಉಳಿದ 1,000 ಲೀಟರ್ ಹಸುಗಳಿಗೆ, ಮನೆಗೆ. ಬೇಸಿಗೆಯಲ್ಲಿ ಬೋರ್ ಸೊರಗಿದರೆ ಅಷ್ಟೂ ಇರುವುದಿಲ್ಲ. ಹನಿ ನೀರಾವರಿ, ಅದರ ಮೇಲೆ ಹೊದಿಕೆ ಇಲ್ಲದೆ 10 ಗುಂಟೆಯನ್ನೂ ಏಪ್ರಿಲ್ ದಾಟಿಸುವುದು ಕಷ್ಟ. ಇಷ್ಟಿದ್ದ ಮೇಲೆ 20 ಗುಂಟೆಗೆ ಹೊರಗಿನಿಂದ ಗೊಬ್ಬರ ಕೊಳ್ಳಬೇಕು, ಆಳು ಹಿಡಿಯಬೇಕು, ಸಾಲ ಮಾಡಬೇಕು. ನೀವಿಬ್ಬರೇ ಇರುವ ಮನೆಗೆ ಅದು ಬೇಡ.

ನಾಟಿ ಹಸು ತರಬೇಕಾ ಅಂದರೆ ಸೀಮೆ ಹಸುವಿನ ಸಗಣಿ ಆಗುತ್ತದಾ ಅಂತ ಕೇಳಿದ ಹಾಗೆ. ಖಂಡಿತ ಆಗುತ್ತದೆ. ನಾಟಿ ಹಸು ಇದ್ದರೆ ಸಂತೋಷ, ಆದರೆ ಅದನ್ನು ತರಲು ಸಾಲ ಮಾಡಬೇಡಿ. ಹಸುಗಳಿಗೆ ಜಂತಿನ ಔಷಧಿ ಅಥವಾ ಇಂಜೆಕ್ಷನ್ ಕೊಡಿಸಿದ ವಾರ ಬಿದ್ದ ಸಗಣಿಯನ್ನು ಬೇರೆ ಗುಡ್ಡೆ ಹಾಕಿ, ಚೆನ್ನಾಗಿ ಕಳಿಯಲು ಬಿಡಿ. ಎರೆಹುಳುವಿನ ತೊಟ್ಟಿಗೆ ಅದನ್ನು ಹಾಕಬೇಡಿ.

ನಿಮ್ಮ ಕೊಟ್ಟಿಗೆಯಲ್ಲಿ ನಿಜವಾದ ನಷ್ಟ ಆಗುತ್ತಿರುವುದು ಗಂಜಲದಲ್ಲಿ. ಹೆಚ್ಚಿನ ಮನೆಗಳಲ್ಲಿ ಅದು ನೆಲದಲ್ಲಿ ಹರಿದು ಚರಂಡಿ ಸೇರುತ್ತದೆ. ಎರಡು ಹಸುವಿನ ಒಂದು ವರ್ಷದ ಗಂಜಲದಲ್ಲಿ ಅರ್ಧವನ್ನು ಹಿಡಿದರೂ, 45 ಕಿಲೋ ತೂಕದ ಒಂದು ಮೂಟೆ ಯೂರಿಯಾದಲ್ಲಿ ಎಷ್ಟು ಸಾರಜನಕವಿದೆಯೋ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಕೊಟ್ಟಿಗೆಯ ನೆಲ ಸ್ವಲ್ಪ ಇಳಿಜಾರಾಗಿದ್ದರೆ ಕೊನೆಯಲ್ಲಿ ಒಂದು ಗುಂಡಿ ತೋಡಿ ಬಕೆಟ್ ಇಡಿ. ಅದಾಗದಿದ್ದರೆ ಹಸುವಿನ ಕಾಲ ಕೆಳಗೆ ಒಣಗಿದ ಎಲೆ, ಮೇವಿನ ಉಳಿಕೆ ದಪ್ಪಕ್ಕೆ ಹಾಸಿ. ಅದು ಗಂಜಲ ಹೀರಿಕೊಂಡ ಮೇಲೆ ತೆಗೆದು ತಿಪ್ಪೆಗೆ ಹಾಕಿ.

ಎಲೆ ಎಲ್ಲಿಂದ ತರುವುದು? ಬೆಂಗಳೂರಿನಿಂದಲೇ. ಜನವರಿಯಿಂದ ಮಾರ್ಚ್‌ವರೆಗೆ ಊರಿನ ಪಾರ್ಕು, ಲೇಔಟು, ಅಪಾರ್ಟ್‌ಮೆಂಟುಗಳಲ್ಲಿ ಒಣಗಿದ ಎಲೆ ಗುಡ್ಡೆಗುಡ್ಡೆ ಬೀಳುತ್ತದೆ. ಎಷ್ಟೋ ಕಡೆ ಅದನ್ನು ಸುಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ನೀವು ತರಕಾರಿ ಕೊಡಬೇಕು ಅಂದುಕೊಂಡಿರುವ ಅಪಾರ್ಟ್‌ಮೆಂಟಿಗೇ ಚೀಲ ಕೊಟ್ಟು, "ಪ್ಲಾಸ್ಟಿಕ್ ಇಲ್ಲದೆ ಬರೀ ಎಲೆ ತುಂಬಿಸಿ ಕೊಡಿ" ಅಂತ ಕೇಳಿ. ತರಕಾರಿ ಇಳಿಸಿದ ಗಾಡಿ ಎಲೆ ತುಂಬಿಕೊಂಡು ವಾಪಸ್ ಬರಲಿ.

ತಿಪ್ಪೆಯ ಬಗ್ಗೆಯೂ ಒಂದು ಮಾತು. ಬಯಲಲ್ಲಿ ಬಿಸಿಲು, ಮಳೆಗೆ ಬಿಟ್ಟ ತಿಪ್ಪೆಯಲ್ಲಿ ಸತ್ವ ಅರ್ಧಕ್ಕರ್ಧ ಹಾರಿಹೋಗುತ್ತದೆ, ಇಲ್ಲವೇ ಕೊಚ್ಚಿಹೋಗುತ್ತದೆ. ಮರದ ನೆರಳಿನಲ್ಲಿ, ಮೂರು-ನಾಲ್ಕು ಅಡಿ ಎತ್ತರಕ್ಕೆ ಕಟ್ಟಿ. ಒಂದು ಅಡಿ ಒಣ ಎಲೆ, ಮೇಲೆ ಅರ್ಧ ಅಡಿ ಹಸಿರು, ಅದರ ಮೇಲೆ ಸಗಣಿ ಬಗ್ಗಡ, ಮತ್ತೆ ಹಾಗೇ. ಹಸಿರಿಗೆ ಹೊಂಗೆ ಸೊಪ್ಪು, ಗೊಬ್ಬರದ ಗಿಡದ ಸೊಪ್ಪು, ಹೂ ಬಿಡುವ ಮೊದಲು ಕಿತ್ತ ಪಾರ್ಥೇನಿಯಂ, ಯಾವುದಾದರೂ ಸರಿ. ಮೂರು ದಿನಕ್ಕೆ ಒಳಗೆ ಕೈ ಇಡಲಾಗದಷ್ಟು ಬಿಸಿ ಏರಬೇಕು. 55ರಿಂದ 65 ಡಿಗ್ರಿ ಬಿಸಿ ಬಂದರೆ ಕಳೆ ಬೀಜ, ರೋಗದ ಕಣ ಸಾಯುತ್ತವೆ. ಏರದಿದ್ದರೆ ನೀರು ಕಡಿಮೆ ಆಗಿದೆ ಅಥವಾ ಹಸಿರು ಸಾಲದು ಅಂತ ಅರ್ಥ. ಹದಿನೈದು ದಿನಕ್ಕೊಮ್ಮೆ ಮಗುಚಿ. ಎರಡು, ಎರಡೂವರೆ ತಿಂಗಳಿಗೆ ಕಾಡಿನ ಮಣ್ಣಿನ ವಾಸನೆ ಬರುತ್ತದೆ. ಆಗ ಅದು ಸಿದ್ಧ. ಮೇಲೆ ಮುಚ್ಚುವ ಮೊದಲು ರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರ ಬೆರೆಸುವ ಪದ್ಧತಿ ಹಲವರಲ್ಲಿದೆ. ಬಿಸಿ ಇಳಿದ ಮೇಲೆ ಬೆರೆಸಿ. ಬಿಸಿ ಇರುವಾಗ ಹಾಕಿದರೆ ಅದೂ ಸಾಯುತ್ತದೆ.

ಇನ್ನು ಉಳಿದ 30 ಗುಂಟೆ. ಇಲ್ಲಿ ನಿಮ್ಮತ್ತೆಯವರ ಮಾತು ಚಿನ್ನದಂಥದ್ದು. ಬೆಂಗಳೂರು, ಕೋಲಾರ, ತುಮಕೂರು ಸೀಮೆಯ ಕೆಂಪು ನೆಲವನ್ನು ತಲೆತಲಾಂತರದಿಂದ ಬದುಕಿಸಿದ್ದು ಅಕ್ಕಡಿ ಸಾಲು. ಏಳೆಂಟು ಸಾಲು ರಾಗಿ, ಒಂದು ಸಾಲು ಅವರೆ. ಇನ್ನೊಂದು ಕಡೆ ತೊಗರಿ, ಅಲಸಂದೆ, ಜೋಳ. ಬದುವಿಗೆ ಹುಚ್ಚೆಳ್ಳು, ಸಾಸಿವೆ. ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತದೆ. ಅವರೆ, ತೊಗರಿ, ಅಲಸಂದೆಯ ಬೇರಿನ ಗಂಟುಗಳು ಗಾಳಿಯಿಂದ ಸಾರಜನಕ ಹಿಡಿಯುತ್ತವೆ. ಹುಚ್ಚೆಳ್ಳಿನ ಹಳದಿ ಹೂ ಜೇನನ್ನು ಕರೆಯುತ್ತದೆ. ರಾಗಿ ಹುಲ್ಲು ಹಸುವಿಗೆ. ಹಸುವಿನ ಸಗಣಿ 10 ಗುಂಟೆಗೆ. ನಾವು ಇವತ್ತು ಪರಿಸರ ಕೃಷಿ ಅಂತ ಕರೆಯುತ್ತಿರುವ ಪಾಠದಲ್ಲಿ ಮುಕ್ಕಾಲು ಪಾಲು ಅವರ ಸೆರಗಿನ ಗಂಟಿನಲ್ಲಿದೆ.

ಹಾಗಾಗಿ ಎಕರೆಯನ್ನು ಹತ್ತು ಹತ್ತು ಗುಂಟೆಯ ನಾಲ್ಕು ತಾಕುಗಳಾಗಿ ಮಾಡಿಕೊಳ್ಳಿ. ಒಂದರಲ್ಲಿ ತರಕಾರಿ. ಎರಡನೆಯದರಲ್ಲಿ ರಾಗಿ, ಅಕ್ಕಡಿ. ಮೂರನೆಯದರಲ್ಲಿ ಮೇವಿನ ಜೋಳ, ಅಲಸಂದೆ, ಅದು ಬಂದ ಮೇಲೆ ಹಿಂಗಾರಿಗೆ ಹುರುಳಿ. ನಾಲ್ಕನೆಯದು ಮುಂದಿನ ವರ್ಷದ ತರಕಾರಿಗೆ ತಯಾರಾಗುವ ತಾಕು. ಅಲ್ಲಿ ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತಿ, ಹೂ ಬಿಡುವ ಮೊದಲು, ಸುಮಾರು 45 ದಿನಕ್ಕೆ ಮಣ್ಣಿಗೆ ಸೇರಿಸಿ. ಪ್ರತಿ ವರ್ಷ ತರಕಾರಿ ಒಂದು ತಾಕು ಮುಂದೆ ಹೋಗಲಿ. ಹನಿ ಪೈಪು ಸುತ್ತಿ ಎತ್ತಿಕೊಂಡು ಹೋಗುವಂಥದ್ದು, ಕಷ್ಟವಲ್ಲ.

ಈ ಸುತ್ತಾಟ ಯಾಕೆ ಬೇಕು ಅಂತ ನನ್ನ ಹೊಲದ ಒಂದು ಕಹಿ ನೆನಪು ಹೇಳುತ್ತೇನೆ. ಟೊಮೆಟೊ ತೆಗೆದ ಮಡಿಗಳಿಗೆ ಅದೇ ಋತುವಿನಲ್ಲಿ ಬದನೆ ನೆಟ್ಟೆ. ಗಿಡ ಹಸಿರಾಗಿಯೇ ಇತ್ತು. ಒಂದು ಮಧ್ಯಾಹ್ನ ಬಾಡಿತು, ಸಂಜೆ ಎದ್ದಿತು, ಮೂರನೇ ದಿನ ಪೂರ್ತಿ ಮಲಗಿತು. ಕಾಂಡವನ್ನು ಓರೆಯಾಗಿ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗಿಬಿಟ್ಟೆ. ಐದು ನಿಮಿಷದಲ್ಲಿ ಹಾಲಿನಂಥ ಎಳೆ ಇಳಿಯಿತು. ಅದು ದುಂಡಾಣು ಸೊರಗು ರೋಗ. ಟೊಮೆಟೊ, ಬದನೆ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ. ಒಂದರ ರೋಗ ಇನ್ನೊಂದಕ್ಕೆ ಕಾದು ಕೂತಿರುತ್ತದೆ. ನಿಮ್ಮ ಟೊಮೆಟೊ ಹೋದ 20 ಗುಂಟೆಗೆ ಈ ಕುಟುಂಬದ ಯಾವುದನ್ನೂ ಕನಿಷ್ಠ ಮೂರು ವರ್ಷ ತರಬೇಡಿ. ತರಕಾರಿಯ ಮೊದಲ ತಾಕು ಇನ್ನೊಂದು ಅರ್ಧದಲ್ಲಿರಲಿ.

10 ಗುಂಟೆಯನ್ನು ಮಡಿ ಮಾಡುವಾಗ ಅಗಲ ಮೂರು ಅಡಿ ದಾಟದಿರಲಿ, ಎರಡೂ ಕಡೆಯಿಂದ ಕೈ ಎಟಕಬೇಕು. ಉದ್ದ 30 ಅಡಿ. ನಡುವೆ ಒಂದು ಅಡಿ ದಾರಿ. ಬೇಲಿ ಸಾಲು, ತಿಪ್ಪೆ, ಗಾಡಿ ದಾರಿ ಬಿಟ್ಟು 60 ಮಡಿ ಸಿಗುತ್ತವೆ. ಮಡಿಯ ಮೇಲೆ ಕಾಲಿಡಬೇಡಿ. ಕೆಂಪು ಮಣ್ಣು ತುಳಿದರೆ ಒಣಗಿದ ಮೇಲೆ ಇಟ್ಟಿಗೆಯಾಗುತ್ತದೆ. ಹೊದಿಕೆಗೆ ಒಣ ಎಲೆ, ಅವರೆ ಕಡ್ಡಿ, ಹೊಂಗೆ ಸೊಪ್ಪು ಹಾಕಿ. ನಮ್ಮ ನೆಲದಲ್ಲಿ ಒಣ ಹೊದಿಕೆಗೆ ಗೆದ್ದಲು ಬರುತ್ತದೆ. ಅದಕ್ಕೇ ಹೊದಿಕೆಯನ್ನು ತೇವವಾಗಿಡಿ, ಗಿಡದ ಬುಡದಿಂದ ನಾಲ್ಕು ಬೆರಳು ದೂರ ಇಡಿ.

ಏನು ಬೆಳೆಯಬೇಕು? ಮೊದಲ ವರ್ಷ 60ರಲ್ಲಿ 20 ಮಡಿ ಸೊಪ್ಪಿಗೆ ಕೊಡಿ. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಕೊತ್ತಂಬರಿ. ದಂಟು, ಮೆಂತ್ಯ 25-30 ದಿನಕ್ಕೆ ಕೈಗೆ ಬರುತ್ತವೆ. ಹುಳ, ರೋಗ ಹಿಡಿಯುವ ಮೊದಲೇ ಕಿತ್ತಿರುತ್ತೀರಿ. ವಾರಕ್ಕೆ ಎರಡು ಮಡಿ ಬಿತ್ತುತ್ತಾ ಹೋದರೆ ವಾರವಾರ ಸೊಪ್ಪು ಇರುತ್ತದೆ. ಬದುವಿನಲ್ಲಿ ತಾನಾಗಿ ಬರುವ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪನ್ನು ಕಳೆ ಅಂತ ಎಸೆಯಬೇಡಿ. ಬೆರಕೆ ಸೊಪ್ಪಿನ ಕಟ್ಟು ಮಾಡಿ. ಮಸ್ಸೊಪ್ಪು, ಉಪ್ಸಾರು ಮರೆಯದ ಬೆಂಗಳೂರಿನ ಹಳೇ ಮನೆಗಳು ಅದನ್ನು ಹುಡುಕಿಕೊಂಡು ಬರುತ್ತವೆ. ಔಷಧಿ ಹೊಡೆಯದ ಹೊಲದಲ್ಲಿ ಮಾತ್ರ ಅದನ್ನು ಧೈರ್ಯವಾಗಿ ಕೊಡಬಹುದು.

ಮುಂಗಾರಿಗೆ ಬದನೆ, ಮೆಣಸಿನಕಾಯಿ, ಬೀನ್ಸ್, ಸೋರೆ, ಸ್ವಲ್ಪ ಟೊಮೆಟೊ. ನಮ್ಮಲ್ಲಿ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜೋರು, ಅದರಲ್ಲೂ ಸೆಪ್ಟೆಂಬರ್. ಆಗ ನೀರು ನಿಂತ ಮಡಿಯಲ್ಲಿ ಬೇರು ಕೊಳೆಯುತ್ತದೆ, ಮಡಿ ಎತ್ತರವಿರಲಿ. ಅಕ್ಟೋಬರ್‌ನಿಂದ ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು, ಕೋಸು, ಬಟಾಣಿ. ಬೇಸಿಗೆಗೆ ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಸೌತೆ. ಬೆಂಡೆಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಇದೆ. ಹಳದಿ ನಂಜು ರೋಗ ತಡೆಯಲೆಂದೇ ಮಾಡಿದ ತಳಿ ಅದು. ಅವರೆಯಲ್ಲಿ ಒಂದು ಸಂಗತಿ ನೆನಪಿಡಿ. ಸೊಗಡಿನ ನಾಟಿ ಅವರೆ ಹಗಲು ಚಿಕ್ಕದಾದ ಮೇಲೇ ಹೂ ಬಿಡುವುದು. ಚಳಿಗಾಲದಲ್ಲಿ ಮಾತ್ರ ಕಾಯಿ. ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಯಾವ ಕಾಲದಲ್ಲಾದರೂ ಬಿಡುತ್ತವೆ. ಮನೆಗೆ ಸೊಗಡಿನದು, ಮಾರಾಟಕ್ಕೆ ಎರಡೂ ಇರಲಿ.

ಬೀಜದ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ. ಅವರೆ, ಅಲಸಂದೆ, ಸೊಪ್ಪು, ಹೀರೆ, ಸೌತೆ, ಬದನೆಗೆ ನಾಟಿ ಬೀಜವನ್ನೇ ಇಟ್ಟುಕೊಳ್ಳಿ, ನೀವೇ ಎತ್ತಿಡಿ. ಟೊಮೆಟೊಗೆ ಮಾತ್ರ ಮೊದಲ ಎರಡು-ಮೂರು ವರ್ಷ ಅರ್ಕಾ ರಕ್ಷಕ್ ಹಾಕಿ. ಅದೂ ಅದೇ ಸಂಸ್ಥೆಯದು. ಎಲೆ ಮುದುರು, ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ ಈ ಮೂರನ್ನೂ ತಾಳಿಕೊಳ್ಳುತ್ತದೆ. ಹೈಬ್ರಿಡ್ ಆದ್ದರಿಂದ ಬೀಜ ಎತ್ತಿಡಲಾಗದು, ನಿಜ. ಆದರೆ ಔಷಧಿ ಬಿಟ್ಟ ಹೊಸದರಲ್ಲಿ ರೋಗ ತಡೆಯುವ ತಳಿಗಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಮಣ್ಣು ಚೇತರಿಸಿಕೊಂಡ ಮೇಲೆ ನಾಟಿ ಟೊಮೆಟೊ ಒಂದೊಂದು ಮಡಿ ಹಾಕಿ ನೋಡಿ.

ಸಸಿಯನ್ನು ಹೊರಗಿನಿಂದ ತರದೆ ಮನೆಯಲ್ಲೇ ಮಾಡಿ. ಸಸಿ ಮಡಿಯ ಮೇಲೆ ಬಿಳಿ ನೊಣ ನುಸುಳದಂಥ ಸಣ್ಣ ಕಣ್ಣಿನ ನೈಲಾನ್ ಪರದೆ 25 ದಿನ ಕಟ್ಟಿ. ಎಳೆಯ ಸಸಿಗೆ ತಗಲಿದ ವೈರಸ್ಸೇ ಹೆಚ್ಚು ಹಾಳು ಮಾಡುವುದು. ತೋಟದ ಸುತ್ತ ಎರಡು-ಮೂರು ಸಾಲು ಜೋಳವನ್ನು ಸಸಿ ನೆಡುವ ಮೂರು ವಾರ ಮೊದಲೇ ದಟ್ಟವಾಗಿ ಬಿತ್ತಿ. ಬಿಳಿ ನೊಣಕ್ಕೆ ಅದು ಗೋಡೆ. ಪಕ್ಕದ ಹೊಲದ ಔಷಧಿ ಗಾಳಿಯಲ್ಲಿ ಬರುವುದನ್ನೂ ಸ್ವಲ್ಪ ತಡೆಯುತ್ತದೆ.

ಹುಳದ ವಿಷಯದಲ್ಲಿ ಹೆಸರಘಟ್ಟದ ಆ ತೋಟಗಾರಿಕಾ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಲ್ಲೇ ತೋರಿಸಿದ ಎರಡು ಉಪಾಯಗಳು ನಿಮ್ಮ ಹೋಬಳಿಯಲ್ಲೇ ಹುಟ್ಟಿದವು. ಅದು ನಿಮಗೆ ಹೆಮ್ಮೆಯ ವಿಷಯ. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಚೆಂಡುಹೂ. ಹೂವಿನ ಸಸಿಗೆ 45 ದಿನ, ಟೊಮೆಟೊ ಸಸಿಗೆ 25 ದಿನ ಆಗಿರಬೇಕು, ಎರಡನ್ನೂ ಒಂದೇ ದಿನ ನೆಡಬೇಕು. ಆಗ ಎರಡಕ್ಕೂ ಒಟ್ಟಿಗೆ ಹೂ ಬರುತ್ತದೆ. ಕಾಯಿ ಕೊರಕದ ಚಿಟ್ಟೆ ಚೆಂಡುಹೂವಿನ ಮೇಲೆ ಮೊಟ್ಟೆ ಇಡುತ್ತದೆ. ಹೂವನ್ನು ಆಯುಧಪೂಜೆಗೆ ಮಾರಬಹುದು. ಇನ್ನೊಂದು ಉಪಾಯ ಕೋಸಿಗೆ. 25 ಸಾಲು ಕೋಸಿಗೆ ಸಾಸಿವೆ ಸಾಲು, ಕೋಸು ನೆಡುವ ಹದಿನೈದು ದಿನ ಮೊದಲು ಒಮ್ಮೆ, ನೆಟ್ಟ 25 ದಿನಕ್ಕೆ ಮತ್ತೊಮ್ಮೆ. ಕೋಸಿನ ಎಲೆ ತಿನ್ನುವ ಹುಳಕ್ಕೆ ತಾಯಿಯಾದ ವಜ್ರ ಬೆನ್ನಿನ ಪತಂಗ ಸಾಸಿವೆಗೆ ಹೋಗುತ್ತದೆ. ನಿಮ್ಮದು ಸಣ್ಣ ಮಡಿಗಳು, ಸುತ್ತ ಒಂದು ಸಾಲು ಸಾಸಿವೆ ಸಾಕು.

ಬದನೆಯ ತುದಿ ಬಾಡಿ ಜೋತು ಬಿದ್ದದ್ದು ಕಂಡರೆ ಒಳಗೆ ಕೊರಕವಿದೆ. ಒಂದು ಗೇಣು ಕೆಳಗೆ ಕತ್ತರಿಸಿ ಸುಟ್ಟುಬಿಡಿ. ಇದನ್ನು ವಾರಕ್ಕೆ ಎರಡು ಸಲ, ತಪ್ಪದೆ ಮಾಡಿ. ಇಬ್ಬರೇ ಇದ್ದೀರಲ್ಲ, ಬೆಳಗ್ಗೆ ಅರ್ಧ ಗಂಟೆ ತೋಟ ಸುತ್ತುವುದು ಯಾವ ಕಷಾಯಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಜೊತೆಗೆ ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಮೂರು-ನಾಲ್ಕು ಕಟ್ಟಿ. ಸೋರೆ, ಹೀರೆಗೆ ಹಣ್ಣು ನೊಣದ ಬಲೆ ಬೇರೆ ಬರುತ್ತದೆ.

ಇಷ್ಟಾದರೂ ಹುಳ ಮೀರಿದರೆ ಬೇವಿನ ಬೀಜದ ಕಷಾಯ. ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ಪುಡಿ, ರಾತ್ರಿ ನೆನೆಹಾಕಿ, ಬೆಳಗ್ಗೆ ಸೋಸಿ, ಸ್ವಲ್ಪ ಸೋಪಿನ ನೀರು ಬೆರೆಸಿ, ಸಂಜೆ ಹೊಡೆಯಿರಿ. ಬಿಸಿಲಿಗೆ ಅದರ ಶಕ್ತಿ ಹೋಗುತ್ತದೆ. ಜೂನ್-ಜುಲೈನಲ್ಲಿ ಬೇವಿನ ಹಣ್ಣು ಬಿದ್ದಾಗ ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಹುಳ ಕಂಡ ತಕ್ಷಣ ಹೊಡೆಯಬೇಡಿ. ಗುಲಗಂಜಿ ಹುಳ, ಜೇಡ, ಸಣ್ಣ ಕಣಜಗಳು ನಿಮ್ಮ ಪರವಾಗಿ ಕೆಲಸ ಮಾಡುತ್ತಿರುತ್ತವೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣ ಭಾರತದ ತೋಟಗಳನ್ನು ತಿಂದುಹಾಕಿತು. ಔಷಧಿಗೆ ಜಗ್ಗಲಿಲ್ಲ. 2010ರಲ್ಲಿ ಹೊರದೇಶದಿಂದ ತಂದ ಪುಟ್ಟ ಕಣಜಗಳನ್ನು ಹೆಬ್ಬಾಳದ ಕೃಷಿ ಕೀಟಗಳ ಸಂಸ್ಥೆಯಲ್ಲಿ ಸಾಕಿ ಬಿಟ್ಟರು. ಅವು ತಿಗಣೆಯನ್ನು ಹತೋಟಿಗೆ ತಂದವು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಕಣಜ ಅದು!

ಸರ್ಟಿಫಿಕೇಟಿಗೆ ಈಗಲೇ ಓಡಾಡಬೇಡಿ. ಮುಂದೆ ಬೇಕಾದರೆ ಪಿಜಿಎಸ್ ಪದ್ಧತಿ ನಿಮಗೆ ಸರಿ. ಕನಿಷ್ಠ ಐದು ರೈತರು ಗುಂಪು ಕಟ್ಟಿ ಒಬ್ಬರ ಹೊಲವನ್ನು ಒಬ್ಬರು ನೋಡಿ ದೃಢೀಕರಿಸುವ ವ್ಯವಸ್ಥೆ ಅದು. ಸದ್ಯಕ್ಕೆ "ಪೂರ್ತಿ ಸಾವಯವ" ಅಂತ ಹೇಳಬೇಡಿ. "ಔಷಧಿ ಬಿಟ್ಟು ಇಷ್ಟು ತಿಂಗಳಾಯಿತು, ಬಂದು ನೋಡಿ" ಅನ್ನಿ. ಹೆಸರಘಟ್ಟ ಯಲಹಂಕಕ್ಕೆ ಹತ್ತಿರ, ಜನ ಭಾನುವಾರ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಒಂದು ಮನೆಗೆ ವಾರಕ್ಕೆ ಐದಾರು ಕಿಲೋ ತರಕಾರಿ, ನಾಲ್ಕು ಕಟ್ಟು ಸೊಪ್ಪು. ಮೊದಲ ವರ್ಷ ಎಂಟು-ಹತ್ತು ಮನೆಗಿಂತ ಜಾಸ್ತಿ ಒಪ್ಪಿಕೊಳ್ಳಬೇಡಿ. ಮಾತು ಕೊಟ್ಟು ಬುಟ್ಟಿ ತುಂಬಿಸಲಾಗದಿದ್ದರೆ ನಂಬಿಕೆ ಹೋಗುತ್ತದೆ. ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಮೊದಲ ಎರಡು ವರ್ಷ ಆದಾಯ ಮೊದಲಿಗಿಂತ ಕಡಿಮೆ ಇರುತ್ತದೆ. ಗೊಬ್ಬರ, ಔಷಧಿ ಅಂಗಡಿಯ ಬಾಕಿ ಇರುವುದಿಲ್ಲ ಅನ್ನುವುದು ಆ ಕಡೆಯ ಲಾಭ. ಯಜಮಾನರ ಸಂಬಳ ಇರುವಾಗಲೇ ಇದನ್ನು ಮಾಡಿಕೊಳ್ಳುವುದು ಒಳ್ಳೆಯದು.

ಈಗ ಮೇ ತಿಂಗಳು. ಒಂದೆರಡು ಹದ ಮಳೆ ಬಿದ್ದಿದೆ. ತರಕಾರಿಗೆ ಆರಿಸಿದ ತಾಕಿಗೆ ಈ ವಾರವೇ ಸೆಣಬು ಬಿತ್ತಿ, 10 ಗುಂಟೆಗೆ ನಾಲ್ಕೈದು ಕಿಲೋ ಬೀಜ ಸಾಕು. ಬಿತ್ತುವ ಮೊದಲು ನಾಲ್ಕೈದು ಕಡೆಯಿಂದ ಮಣ್ಣು ತೆಗೆದು, ಒಂದು ಬಾಟಲಿ ಬೋರ್ ನೀರಿನ ಜೊತೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಪರೀಕ್ಷೆಗೆ ಕೊಡಿ. ತಿಂಗಳ ಕೊನೆಗೆ ಚೆಂಡುಹೂವಿನ ಬೀಜ ಸಸಿ ಮಡಿಗೆ. ಜೂನ್ ಮಧ್ಯಕ್ಕೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೀಜ ಪರದೆಯೊಳಗೆ. ಜೂನ್ ಕೊನೆಗೆ ಸುತ್ತಲಿನ ಜೋಳ. ಜುಲೈ ಶುರುವಿಗೆ ಸೆಣಬನ್ನು ಮಣ್ಣಿಗೆ ಸೇರಿಸಿ, ಎರಡು ವಾರ ಕಳಿಯಲು ಬಿಟ್ಟು ಮಡಿ ಕಟ್ಟಿ. ಆಗ ನೆಡಿ. ಟೊಮೆಟೊ ಐದು ಮಡಿಗಿಂತ ಜಾಸ್ತಿ ಬೇಡ.

ರಾಗಿ ಬಿತ್ತನೆಗೆ ಇನ್ನೂ ಸಮಯವಿದೆ. ಅಕ್ಕಡಿಗೆ ಬೇಕಾದ ಬೀಜ ಮನೆಯಲ್ಲಿ ಏನೇನು ಉಳಿದಿದೆ, ಎಷ್ಟಿದೆ ಅಂತ ಅತ್ತೆಯವರನ್ನು ಇವತ್ತೇ ಕೇಳಿ. ಹುಚ್ಚೆಳ್ಳು ಈಗ ಎಲ್ಲ ಮನೆಯಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ಸಂತೆಯಲ್ಲಿ ಈಗಿನಿಂದಲೇ ಹುಡುಕಲು ಶುರು ಮಾಡಿ.